ನಮ್ಮ ಮನೆಯ ಸ್ಲೋ ಕಂಪ್ಯೂಟರ್

ಯಾರಾದರೂ ‘ನಮ್ಮ ಕಂಪ್ಯೂಟರ್ ಯಾಕೋ ತುಂಬಾ ಸ್ಲೋ ಆಗಿದೆ’ ಅಂದರೆ ಸಾಕು, ಆ ದಿನ ನನಗೆ ಎರಡು ತುತ್ತು ಹೆಚ್ಚಾಗಿ ಸೇರುತ್ತಿತ್ತು. ಪಕ್ಕದ ಮನೆಯ ಜಗಳ ಕಿವಿಗೆ ಬಿದ್ದರೆ ಕೆಲವರಿಗೆ ಮೈ ಚುರುಕಾಗುತ್ತದಲ್ಲ, ಹಾಗೆ. ಕಡಕೊಳದ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತು, ಯಾರು ಎಷ್ಟು ನಿಮಿಷ ತಡವಾಗಿ ಗೇಟು ದಾಟಿದರು ಅಂತ ಬರೆದುಕೊಂಡು ಬಂದವನು ನಾನು. ರಿಟೈರ್ ಆದಮೇಲೆ ಬೈಯುವುದಕ್ಕೆ ತಡವಾಗಿ ಬರುವ ಮನುಷ್ಯರು ಸಿಗಲಿಲ್ಲ. ಅದಕ್ಕೇ ತಡವಾಗಿ ಏಳುವ ಕಂಪ್ಯೂಟರುಗಳ ಬೆನ್ನು ಹತ್ತಿದೆ.

ವಿದ್ಯೆ ಕಲಿತದ್ದು ಫೋನಿನಲ್ಲಿ. ‘ಈ ಹನ್ನೆರಡು ಕೆಲಸ ಮಾಡಿ, ನಿಮ್ಮ ಹಳೇ ಕಂಪ್ಯೂಟರ್ ಕುದುರೆ ಆಗುತ್ತೆ’ ಅಂತ ಹೇಳುವ ಗುರುಗಳು ಅದರಲ್ಲಿ ಬೇಕಾದಷ್ಟು ಸಿಗುತ್ತಾರೆ. ಮೀಸೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ, ಮಾತು ಮಾತ್ರ ಪೀಠದ ಸ್ವಾಮಿಗಳದ್ದು. ಅವರು ಹೇಳಿದ್ದನ್ನೆಲ್ಲ ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳಲ್ಲಿ ನಂಬರ್ ಹಾಕಿ ಬರೆದುಕೊಂಡೆ.

ಜಯಲಕ್ಷ್ಮಿಪುರಂನ ನಮ್ಮ ಬೀದಿಯಲ್ಲಿ ನನ್ನ ಮೊದಲ ರೋಗಿ ಎದುರು ಮನೆಯ ರಿಟೈರ್ಡ್ ಪ್ರೊಫೆಸರರ ಕಂಪ್ಯೂಟರು. ಆನ್ ಮಾಡಿದ ಕೂಡಲೆ ಹದಿನಾಲ್ಕು ಪ್ರೋಗ್ರಾಮುಗಳು ತಾವಾಗಿಯೇ ಎದ್ದು ನಿಲ್ಲುತ್ತಿದ್ದವು. ಅದರಲ್ಲೊಂದು, ಅವರು ಎಂದೋ ಗುಜರಿಗೆ ಹಾಕಿದ್ದ ಪ್ರಿಂಟರಿನದು. ಇಲ್ಲದ ಪ್ರಿಂಟರನ್ನು ದಿನಾ ಬೆಳಿಗ್ಗೆ ಹುಡುಕಿ, ಸಿಗಲಿಲ್ಲ ಅಂತ ಅವರಿಗೆ ವರದಿ ಒಪ್ಪಿಸುತ್ತಿತ್ತು. ಅಂಥ ಹನ್ನೆರಡನ್ನು ಏಳದ ಹಾಗೆ ಮಲಗಿಸಿದೆ. ನಾಲ್ಕು ನಿಮಿಷಕ್ಕೆ ಎಚ್ಚರವಾಗುತ್ತಿದ್ದ ಕಂಪ್ಯೂಟರು ಒಂದೂವರೆ ನಿಮಿಷಕ್ಕೆ ಕಣ್ಣು ಬಿಟ್ಟಿತು. ಪ್ರೊಫೆಸರರು ಕೈ ಮುಗಿಯುವುದೊಂದು ಬಾಕಿ. ಅವತ್ತಿನಿಂದ ಬೀದಿಯವರ ಬಾಯಲ್ಲಿ ನಾನು ಕಂಪ್ಯೂಟರ್ ಡಾಕ್ಟರು.

ಮೊದಲೇ ಕೋತಿ, ಮೇಲೆ ಹೆಂಡ ಬೇರೆ ಕುಡಿಸಿದ್ದರು. ಕರೆಯದ ಮನೆಗಳಿಗೂ ಹೋಗತೊಡಗಿದೆ. ವರ್ಷಗಟ್ಟಲೆ ಸೇರಿಕೊಂಡಿದ್ದ ಕಸದ ಫೈಲುಗಳನ್ನು ಗುಡಿಸಿ ಹಾಕಿದೆ. ಪರದೆಯ ಮೇಲೆ ತೇಲುವ, ಜಾರುವ, ಹೊಳೆಯುವ ಶೋಕಿಗಳನ್ನೆಲ್ಲ ನಿಲ್ಲಿಸಿದೆ. ಡೆಸ್ಕ್‌ಟಾಪಿನ ಮೇಲೆ ಇನ್ನೂರು ಫೋಟೋ ಹರಡಿಕೊಂಡಿದ್ದ ಒಬ್ಬರ ಮನೆಯಲ್ಲಿ, ಇದೇನು ಕಂಪ್ಯೂಟರೋ ಸಂತೆಯೋ ಅಂತ ಕೇಳಿ, ಬರಬೇಕಾಗಿದ್ದ ಕಾಫಿಯನ್ನೂ ಕಳೆದುಕೊಂಡೆ. ಯಾರು ದೂರಿದರೂ ಮೊದಲು ಅವರ ಮುಖಕ್ಕೇ ಒಂದು ಗಾದೆ ಹೇಳುತ್ತಿದ್ದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಪ್ಪು ಕಂಪ್ಯೂಟರಿನದಲ್ಲ ಸ್ವಾಮಿ, ಅದರ ಹೊಟ್ಟೆಗೆ ಕಂಡದ್ದನ್ನೆಲ್ಲ ತುರುಕಿದ ನಿಮ್ಮದು ಅಂತ ಅದರ ತಾತ್ಪರ್ಯ. ಈ ಗಾದೆ ನನಗೆ ಬಹಳ ಇಷ್ಟವಾಗಿತ್ತು.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ಸ್ಲೋ ಆಗಿದ್ದ ಕಂಪ್ಯೂಟರು ನಮ್ಮ ಮನೆಯಲ್ಲೇ ಇತ್ತು.

ಅದು ನನ್ನದಲ್ಲ, ನನ್ನ ಹೆಂಡತಿಯದು. ಆಕೆ ಟೈಪಿಸ್ಟು. ಕನ್ನಡ ಟೈಪಿಂಗಿನಲ್ಲಿ ಸೀನಿಯರ್ ಪಾಸು ಮಾಡಿದವಳು. ಮದುವೆಯಾಗಿ ಬಂದ ವರ್ಷದಿಂದ ಮುಂದಿನ ಕೋಣೆಯಲ್ಲಿ ಕೂತು ಪಿಎಚ್‌ಡಿ ಪ್ರಬಂಧಗಳನ್ನು ಟೈಪು ಮಾಡುತ್ತಾ ಬಂದಿದ್ದಾಳೆ, ಮೊದಲು ಮಷೀನಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಯೂನಿವರ್ಸಿಟಿ ಹತ್ತಿರವಿರುವುದರಿಂದ ಕನ್ನಡದಲ್ಲಿ ಸಂಶೋಧನೆ ಮಾಡುವವರಿಗೆಲ್ಲ ನಮ್ಮ ಮನೆಯ ದಾರಿ ಗೊತ್ತು. ಬರೆಯುವುದಕ್ಕೆ ತಾವು ಆರು ವರ್ಷ ತೆಗೆದುಕೊಂಡು, ಟೈಪು ಮಾಡುವುದಕ್ಕೆ ಇವಳಿಗೆ ಆರು ವಾರ ಕೊಡುವ ಜನ ಅವರು. ಆಕೆಯ ತಾತ ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ಬರೆದ ಕಾಗದದಲ್ಲಿ ಹೊಡೆದು ಹಾಕಿದ ಒಂದು ಅಕ್ಷರವೂ ಇರುತ್ತಿರಲಿಲ್ಲವಂತೆ. ಈ ಕಥೆಯನ್ನು ಮದುವೆಯಾದ ಮೂರನೇ ದಿನ ಮೊದಲ ಸಲ ಕೇಳಿದೆ, ಇವತ್ತಿಗೂ ಕೇಳುತ್ತಿದ್ದೇನೆ. ಮೊಮ್ಮಗಳದೂ ಅದೇ ಜಂಬ. ತನ್ನ ಪುಟದಲ್ಲಿ ತಪ್ಪು ತೋರಿಸಿದ ಗೈಡು ಇನ್ನೂ ಹುಟ್ಟಿಲ್ಲ ಅನ್ನುತ್ತಾಳೆ.

ನಿಜ ಹೇಳಬೇಕೆಂದರೆ ಅದು ಬರೀ ಜಂಬವಾಗಿರಲಿಲ್ಲ. ಹಾಸ್ಟೆಲಿನಲ್ಲಿ ಸೀನಿಯರುಗಳು ಜೂನಿಯರುಗಳಿಗೆ ದಾಟಿಸುತ್ತಿದ್ದ ಮಾತು ಒಂದಿತ್ತು: ಆ ಮೇಡಂ ಹತ್ತಿರ ಕೊಟ್ಟರೆ ಪ್ರೂಫ್ ನೋಡುವುದೂ ಬೇಡ. ಆ ಮಾತಿನ ಮೇಲೆ ಆಕೆಯ ಜೀವ ನಿಂತಿತ್ತು. ಟೈಪಿಂಗ್ ಬಿಟ್ಟರೆ ಸಂಸಾರವೇನೂ ನಿಲ್ಲುತ್ತಿರಲಿಲ್ಲ, ನನ್ನ ಪಿಂಚಣಿ ಇತ್ತು. ಆದರೆ ನಮ್ಮ ಮನೆಗೆ ಬಂದವರು ಕೇಳುತ್ತಿದ್ದದ್ದು ‘ಮೇಡಂ ಇದಾರಾ’ ಅಂತಲೇ ಹೊರತು, ಸಾರ್ ಇದಾರಾ ಅಂತ ಯಾರೂ ಕೇಳಿದ್ದಿಲ್ಲ.

ಅಂಥವಳು ಒಂದು ಬೆಳಿಗ್ಗೆ ಫೋನಿನಲ್ಲಿ ಯಾರಿಗೋ, ಕಂಪ್ಯೂಟರ್ ಸ್ಲೋ ಆಗಿದೆ ಕಣಮ್ಮ, ಅದಕ್ಕೇ ಲೇಟು ಅಂದದ್ದು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಓಡಿದೆ. ಕಂಪ್ಯೂಟರ್ ಡಾಕ್ಟರ ಮನೆಯ ಕಂಪ್ಯೂಟರು ಸ್ಲೋ! ಬೀದಿಗೆ ಗೊತ್ತಾದರೆ ನನ್ನ ಗತಿ ಏನು? ಏನಾಗಿದೆ ಅಂತ ವಿಚಾರಿಸಿದೆ. ಕೀ ಒತ್ತಿದ ಮೇಲೆ ಅಕ್ಷರ ತಡವಾಗಿ ಬೀಳುತ್ತದೆ ಅಂದಳು. ಆಮೇಲೆ, ಅದಕ್ಕೂ ವಯಸ್ಸಾಯಿತು, ಇರಲಿ ಬಿಡಿ, ನನಗೆ ಅಭ್ಯಾಸ ಆಗಿದೆ, ನೀವು ಕೈಹಾಕಬೇಡಿ ಅಂದಳು.

ಕೈಹಾಕಬೇಡಿ ಅಂದರೆ ಬಿಡುವ ಜಾತಿಯೇ ನಾನು? ಅವಳು ತರಕಾರಿಗೆ ಹೋದ ಹೊತ್ತು ನೋಡಿ ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಮೈಸೂರಿನಲ್ಲಿ ಆಯುಧಪೂಜೆಯ ದಿನ ಕಂಪ್ಯೂಟರಿಗೂ ಪೂಜೆ ತಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಗಾಳಿಯಾಡಲಿ ಅಂತ ಡಬ್ಬಿಗೆ ಕೊಟ್ಟಿರುವ ತೂತುಗಳಲ್ಲೇ ಊದುಬತ್ತಿ ಸಿಕ್ಕಿಸುವುದು ಪದ್ಧತಿ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತದೆ. ಒಳಗೆ ನೋಡಿದರೆ ಬೂದಿ, ಕುಂಕುಮ, ಅಕ್ಷತೆ, ಒಣಗಿದ ಚೆಂಡುಹೂವಿನ ಎಸಳು. ಒಂಬತ್ತು ವರ್ಷದ ಭಕ್ತಿ ಫ್ಯಾನಿನ ರೆಕ್ಕೆಗೆ ಅಂಟಿಕೊಂಡು ಕೂತಿತ್ತು. ಹಳೆಯ ಪೇಂಟ್ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಫ್ಯಾನು ಗೊರಕೆ ಹೊಡೆಯುವುದನ್ನು ನಿಲ್ಲಿಸಿತು. ಅಕ್ಷರ ಬೇಗ ಬರುತ್ತದಾ ಅಂತ ಕೇಳಿದರೆ, ಇಲ್ಲ, ಹಾಗೇ ಇದೆ ಅಂದಳು.

ನಾನೇ ಟೈಪು ಮಾಡಿ ನೋಡಲಿಲ್ಲವೇ ಅಂತ ನೀವು ಕೇಳಬಹುದು. ನೋಡಿದೆ. ನಾನು ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ, ಸಿಕ್ಕ ಸಂತೋಷಕ್ಕೆ ಒಂದು ಗಳಿಗೆ ಒತ್ತಿ ಹಿಡಿಯುವವನು. ನನಗೆ ಎಲ್ಲವೂ ಸರಿಯಾಗೇ ಕಂಡಿತು.

ಅಲ್ಲಿಂದ ಶುರುವಾಯಿತು ನನ್ನ ದಂಡಯಾತ್ರೆ. ಹಾಜರಿ ಪುಸ್ತಕದಲ್ಲಿ ಮೂರು ಕಾಲಂ ಎಳೆದೆ. ಮೊದಲನೆಯದು ಆನ್ ಆಗುವುದಕ್ಕೆ ಹಿಡಿಯುವ ಹೊತ್ತು, ಎರಡನೆಯದು ಪ್ರಬಂಧದ ಫೈಲು ತೆರೆಯುವುದಕ್ಕೆ, ಮೂರನೆಯದು ಅವಳು ಒಂದು ಪುಟ ಟೈಪು ಮಾಡುವುದಕ್ಕೆ. ಕೋಣೆಯ ಬಾಗಿಲಲ್ಲಿ ಫೋನಿನ ಗಡಿಯಾರ ಹಿಡಿದು ನಿಲ್ಲುತ್ತಿದ್ದೆ. ನಿಮ್ಮ ಕಾರ್ಖಾನೆ ಇಲ್ಲಿಗೂ ಬಂತಾ ಅಂತ ಅವಳು ರೇಗಿದಳು.

ಮೆಮೊರಿ ಉಳಿಯಲಿ ಅಂತ ಪರದೆಯ ಮೇಲಿದ್ದ ಚಾಮುಂಡಿಯನ್ನು ಇಳಿಸಿ ಬರೀ ಕಪ್ಪು ಬಣ್ಣ ಹಾಕಿದೆ. ಸಂಜೆಗೆ ಚಾಮುಂಡಿ ವಾಪಸು ಬಂದಿದ್ದಳು. ಬೇಡದ ಫಾಂಟುಗಳನ್ನು ತೆಗೆಯಿರಿ ಅಂತ ಒಬ್ಬ ಗುರು ಹೇಳಿದ್ದ. ಮೂವತ್ತು ತೆಗೆದೆ. ಅದರಲ್ಲೊಂದು ಹಳೆಯ ಕನ್ನಡ ಫಾಂಟು ಹೋಗಿ, ಇಪ್ಪತ್ತು ವರ್ಷದ ಪ್ರಬಂಧಗಳೆಲ್ಲ ಒಂದೇ ಏಟಿಗೆ ಇಂಗ್ಲಿಷ್ ಅಕ್ಷರ, ಕೊಂಬು, ಬಾಲಗಳ ಕಲಸುಮೇಲೋಗರವಾದವು. ಅವತ್ತು ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೇವರಮನೆಯ ಗೂಡಿನಲ್ಲಿ ಇಟ್ಟಿದ್ದ ಆ ಫಾಂಟಿನ ಸಿ.ಡಿ. ತಂದು ಮೇಜಿನ ಮೇಲಿಟ್ಟು, ಮುಟ್ಟಿದ್ದು ಎಲ್ಲ ಮೊದಲಿನ ಹಾಗೇ ಆಗಬೇಕು ಅಂತಷ್ಟೇ ಹೇಳಿ ಹೋದಳು. ಅಷ್ಟು ಮಾಡುವುದಕ್ಕೆ ನನಗೆ ಎರಡು ದಿನ ಹಿಡಿಯಿತು.

ಕೊನೆಗೆ ಬ್ರಹ್ಮಾಸ್ತ್ರ ಬಿಟ್ಟೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಹೊಸ ತರಹದ್ದು, ಎಸ್‌ಎಸ್‌ಡಿ ಅನ್ನುತ್ತಾರೆ, ಅದಕ್ಕೆ ಹಳೆಯದರಲ್ಲಿದ್ದದ್ದನ್ನೆಲ್ಲ ಇದ್ದ ಹಾಗೇ ನಕಲು ಮಾಡಿ ಕೂರಿಸಿದೆ. ಹದಿನಾಲ್ಕು ಸೆಕೆಂಡಿಗೆ ಕಂಪ್ಯೂಟರು ಎದ್ದು ನಿಂತಿತು. ಪ್ರೊಫೆಸರರನ್ನು ಕರೆದು ತೋರಿಸಿದೆ. ಆಫ್ ಮಾಡಿ, ಆನ್ ಮಾಡಿ, ಮತ್ತೆ ಆಫ್ ಮಾಡಿ, ಅವರು ಚಪ್ಪಲಿ ಹಾಕಿಕೊಳ್ಳುವವರೆಗೂ ತೋರಿಸಿದೆ. ಪುಸ್ತಕದಲ್ಲಿ ಮೊದಲ ಎರಡು ಕಾಲಂಗಳು ದಡಬಡ ಇಳಿದವು. ಮೂರನೆಯದು ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಒಂದು ಕಾಲಕ್ಕೆ ಆರು ನಿಮಿಷಕ್ಕೆ ಒಂದು ಪುಟ ಹೊಡೆಯುತ್ತಿದ್ದವಳು, ಈಗ ಹದಿನಾಲ್ಕು ನಿಮಿಷ. ಅದು ನನಗೆ ವೈಯಕ್ತಿಕವಾಗಿ ಮಾಡಿದ ಅವಮಾನದ ಹಾಗೆ ಕಂಡಿತು.

ಅದೇ ತಿಂಗಳುಗಳಲ್ಲಿ ಮನೆಯ ಇನ್ನು ಕೆಲವು ಬಾಬತ್ತುಗಳೂ ಸಡಿಲವಾಗಿದ್ದವು. ಕಾಫಿ ಲೋಟ ಅರ್ಧಕ್ಕೇ ನಿಲ್ಲುತ್ತಿತ್ತು. ಹಾಲಿಗೆ ಬರವೇನೇ ಅಂತ ಕೇಳಿದರೆ ಇನ್ನರ್ಧ ಲೋಟ ಆಮೇಲೆ ತಂದುಕೊಡುತ್ತಿದ್ದಳು. ಬಾಗಿಲಿನ ಮುಂದೆ ಚುಕ್ಕಿ ಇಟ್ಟು ಎಳೆಯುತ್ತಿದ್ದ ರಂಗೋಲಿ ಹೋಗಿ ಅಡ್ಡಡ್ಡ ಎರಡು ಗೆರೆ ಬಂದಿತ್ತು. ಬಿಡಿ ಮಲ್ಲಿಗೆ ತಂದು ತಾನೇ ಕಟ್ಟಿಕೊಳ್ಳುತ್ತಿದ್ದವಳು, ಕಟ್ಟಿದ ಹೂವನ್ನೇ ಮೊಳ ಹಾಕಿಸಿ ತರುತ್ತಿದ್ದಳು. ವಯಸ್ಸಾದಂತೆ ಹೆಂಗಸರಿಗೆ ಮೈಗಳ್ಳತನ ಬರುತ್ತದೆ ಅಂತ ನಾನು ತೀರ್ಮಾನಿಸಿದೆ. ತೀರ್ಮಾನಿಸಿ ಸುಮ್ಮನಿದ್ದರೂ ಆಗುತ್ತಿತ್ತು, ಬಾಯಿಬಿಟ್ಟು ಹೇಳಿದೆ. ಅವಳು ಹೌದು ಅಂದಳು.

ಆಗ ಕೈಯಲ್ಲಿದ್ದ ಪ್ರಬಂಧ ಒಬ್ಬ ಪಿಯು ಕಾಲೇಜಿನ ಮೇಷ್ಟ್ರಮ್ಮನದು. ವಯಸ್ಸು ನಲವತ್ತರ ಹತ್ತಿರ, ಇಬ್ಬರು ಮಕ್ಕಳು, ಮನೆ ಬನ್ನಿಮಂಟಪದಲ್ಲಿ. ನಂಜನಗೂಡಿನಿಂದ ಆಚೆಯ ಒಂದು ಹಳ್ಳಿಯ ಹೆಣ್ಣುಮಗಳು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಆಕೆಯೇ ಮೊದಲು. ಪ್ರಬಂಧ ನೇಗಿಲು, ಗಾಡಿ, ಕಣಗಳಿಗೆ ಸಂಬಂಧಪಟ್ಟ ಪದಗಳ ಮೇಲೆ. ಅರ್ಧಕ್ಕರ್ಧ ಪದಗಳನ್ನು ಅವರಪ್ಪನ ಬಾಯಿಂದಲೇ ಕೇಳಿ ಬರೆದುಕೊಂಡಿದ್ದಂತೆ. ನಿಘಂಟಿನಲ್ಲಿ ಹುಡುಕಿದರೆ ಸಿಗದ ಪದಗಳು. ಯೂನಿವರ್ಸಿಟಿಯವರು ಕೊಡಬಹುದಾದ ವಾಯಿದೆಯೆಲ್ಲ ಮುಗಿದು, ಕೊನೆಯ ದಿನ ಗುರುವಾರಕ್ಕೆ ಬಂದು ನಿಂತಿತ್ತು. ಅದು ತಪ್ಪಿದರೆ ಆರು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಹಿಂದಿನ ಶುಕ್ರವಾರಕ್ಕೆ ಇನ್ನೂ ಅರವತ್ತು ಪುಟ ಬಾಕಿ ಇತ್ತು. ಮೇಡಂ ಇದಾರಲ್ಲ ಅಂತ ಆಕೆ ನಿಶ್ಚಿಂತೆಯಾಗಿದ್ದಳು.

ಆ ಶುಕ್ರವಾರ ಬೆಳಿಗ್ಗೆ, ಹೆಂಡತಿ ಪೂಜೆಗೆ ಕೂತಿದ್ದಾಗ, ನಾನು ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಮೂಲೆಮೂಲೆ ಜಾಲಾಡುತ್ತಿದ್ದೆ. ಕೈಕಾಲು ಅಗಲಿಸಿ ನಿಂತ ಒಂದು ಪುಟ್ಟ ಮನುಷ್ಯನ ಚಿತ್ರವಿರುವ ವಿಭಾಗ ಒಂದಿತ್ತು. ಯಾವ ಗುರುವೂ ಅದರ ಹೆಸರೆತ್ತಿರಲಿಲ್ಲ. ಒಳಗೆ ಹೋದರೆ ಫಿಲ್ಟರ್ ಕೀಸ್ ಅಂತ ಒಂದು ಸ್ವಿಚ್ಚು ಆನ್ ಆಗಿ ಕೂತಿದೆ. ಕೀಲಿಯನ್ನು ಕ್ಷಣಮಾತ್ರ ತಾಕಿದರೆ ಅಕ್ಷರ ಬೀಳಬಾರದು, ಒಂದು ಗಳಿಗೆ ಒತ್ತಿ ಹಿಡಿದರೆ ಮಾತ್ರ ಬೀಳಬೇಕು, ಒಂದೇ ಕೀ ಮತ್ತೆಮತ್ತೆ ಬಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಅದರ ಕಾನೂನು. ನನಗೆ ಆದ ಆನಂದ ಅಷ್ಟಿಷ್ಟಲ್ಲ. ಆರು ತಿಂಗಳಿಂದ ನಾನು ಹುಡುಕುತ್ತಿದ್ದ ಕಳ್ಳ ಇವನೇ! ಬೆಟ್ಟ ಅಗೆದದ್ದಕ್ಕೆ ಇಲಿಯಾದರೂ ಸಿಕ್ಕಿತ್ತು. ಯಾವನು ಇದನ್ನು ಆನ್ ಮಾಡಿದ್ದು, ಯಾಕೆ ಮಾಡಿದ್ದು ಅಂತ ಒಂದು ಸಲವೂ ಯೋಚಿಸಲಿಲ್ಲ. ಆ ಪುಟ್ಟ ಮನುಷ್ಯನ ಚಿತ್ರ ಅಲ್ಲಿ ಯಾಕಿದೆ ಅಂತಲೂ ಕೇಳಿಕೊಳ್ಳಲಿಲ್ಲ. ಆಫ್ ಮಾಡಿದೆ. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ಅದು ಮತ್ತೆ ಆನ್ ಆಗುತ್ತದೆ ಅಂತ ಕೆಳಗೆ ಬರೆದಿತ್ತು. ಇನ್ನು ಯಾರೂ ತಿಳಿಯದೆ ಒತ್ತಬಾರದು ಅಂತ ಆ ದಾರಿಗೂ ಬೀಗ ಹಾಕಿದೆ.

ಪೂಜೆ ಮುಗಿಸಿ ಬಂದವಳಿಗೆ ಮಂಗಳಾರತಿ ತೊಗೊಳ್ಳುವುದಕ್ಕೂ ಮೊದಲೇ ಸುದ್ದಿ ಹೇಳಿದೆ. ಎಲ್ಲಿ ಸಿಕ್ಕಿತು, ಹೇಗೆ ಹಿಡಿದೆ, ಹೇಗೆ ಬಾಗಿಲು ಹಾಕಿದೆ, ಎಲ್ಲವನ್ನೂ. ಅವಳು ಆರತಿ ತಟ್ಟೆ ಹಿಡಿದು ನಿಂತು ಕೇಳಿದಳು. ಕೊನೆಯಲ್ಲಿ ನಾನು, “ಇನ್ನು ನೆಲ ಡೊಂಕು ಅನ್ನೋ ಹಾಗಿಲ್ಲ ಕಣೇ, ಕುಣೀಬೇಕು ಅಷ್ಟೇ” ಅಂದೆ.

ಅವಳು ತಟ್ಟೆಯನ್ನು ನನ್ನ ಮುಂದೆ ಹಿಡಿಯಲಿಲ್ಲ, ಪಕ್ಕದ ಸ್ಟೂಲಿನ ಮೇಲೆ ಇಟ್ಟಳು. ತೊಗೊಳ್ಳಿ ಅಂದಳು. ನಾನು ಆರತಿ ತೊಗೊಂಡೆ.

ಶನಿವಾರ, ಭಾನುವಾರ ಅವಳು ಕುರ್ಚಿ ಬಿಟ್ಟು ಎದ್ದದ್ದು ಕಡಿಮೆ. ನಾನೂ ಬಾಗಿಲಲ್ಲಿ ಗಡಿಯಾರ ಹಿಡಿದು ನಿಲ್ಲುವುದನ್ನು ಬಿಟ್ಟೆ, ಗೆದ್ದವನಿಗೆ ಗಡಿಯಾರ ಯಾಕೆ? ಆದರೂ ಹೋಗುತ್ತಾ ಬರುತ್ತಾ ಕಣ್ಣಿಗೆ ಬೀಳುತ್ತಿತ್ತು. ಟೈಪು ಮಾಡುತ್ತಿದ್ದದ್ದಕ್ಕಿಂತ ಅಳಿಸುತ್ತಿದ್ದದ್ದೇ ಹೆಚ್ಚಿನ ಹಾಗಿತ್ತು. ಆಗಾಗ ಬಲಗೈಯ ಕಿರುಬೆರಳನ್ನು ಆ ಶಿಫ್ಟ್ ಕೀಯ ಮೇಲೆ ಊರಿ, ಪರದೆ ನೋಡುತ್ತಾ ಸುಮ್ಮನೆ ಕೂತಿರುತ್ತಿದ್ದಳು. ಏನೋ ಯೋಚನೆ ಮಾಡುತ್ತಿದ್ದಾಳೆ ಅಂದುಕೊಂಡೆ.

ಸೋಮವಾರ ಸಂಜೆ ಮೇಷ್ಟ್ರಮ್ಮ ಕಾಲೇಜಿನಿಂದ ನೇರವಾಗಿ ಬಂದಳು. ಪ್ರಿಂಟರಿನಿಂದ ಪುಟಗಳು ಇನ್ನೂ ಬೀಳುತ್ತಿದ್ದವು. ‘ನಾನು ಇನ್ನೊಂದು ಸಲ ನೋಡಿಲ್ಲ, ನಾಳೆ ಬಾ’ ಅಂತ ನನ್ನ ಹೆಂಡತಿ ಹೇಳಿದಳು. ನಿಮ್ಮದನ್ನು ಏನು ನೋಡುವುದು ಮೇಡಂ ಅಂತ ನಗುತ್ತಾ ಆಕೆ ಕಟ್ಟು ಎತ್ತಿಕೊಂಡು ಸ್ಕೂಟಿ ಹತ್ತಿ ಹೋಗಿಬಿಟ್ಟಳು. ಹೆಂಡತಿ ಗೇಟಿನವರೆಗೂ ಹೋಗಿ ನಿಂತಿದ್ದು ವಾಪಸು ಬಂದಳು.

ಮಂಗಳವಾರ ಬೆಳಿಗ್ಗೆ ಎಂಟಕ್ಕೇ ಮತ್ತೆ ಬಂದಳು ಮೇಷ್ಟ್ರಮ್ಮ. ಮುಖ ಬಾಡಿತ್ತು. ಕಾಲೇಜಿಗೆ ರಜೆ ಹಾಕಿದ್ದಳು. ಕಟ್ಟನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಳು. ಸಾಲುಸಾಲಿಗೂ ಪೆನ್ಸಿಲ್ಲಿನ ಸುತ್ತು. ಒಂದು ಅಕ್ಷರ ಇರಬೇಕಾದಲ್ಲಿ ಎರಡು, ಎರಡು ಇರಬೇಕಾದಲ್ಲಿ ಮೂರು, ಪಕ್ಕದ ಕೀಲಿಯ ಅಕ್ಷರ ಕರೆಯದೆ ಬಂದು ನಡುವೆ ಕೂತದ್ದು. ಮೂವತ್ತು ವರ್ಷದಲ್ಲಿ ಆ ಮೇಜಿನ ಮೇಲೆ ಅಂಥ ಪುಟ ಬಂದಿರಲಿಲ್ಲ.

ಆಕೆ ದೂರಲಿಲ್ಲ. ತಾನೇ ತಪ್ಪು ಮಾಡಿದವಳ ಹಾಗೆ ಮೆಲ್ಲಗೆ ಹೇಳಿದಳು: “ಏನೋ ಆಗ್ಬುಟ್ಟಿದೆ ಮೇಡಂ. ನಮ್ಮಪ್ಪ ಹೇಳಿದ್ ಪದಾನೇ ನಂಗ್ ಗುರ್ತು ಸಿಕ್ತಿಲ್ಲ.”

ನನ್ನ ಹೆಂಡತಿ ಒಂದು ಪುಟ ಕೈಗೆ ತೆಗೆದುಕೊಂಡಳು. ಫ್ಯಾನು ಹಾಕಿರಲಿಲ್ಲ, ಕಿಟಕಿ ಮುಚ್ಚಿತ್ತು. ಆದರೂ ಕಾಗದ ಅಲುಗುತ್ತಿತ್ತು. ಅವಳು ಅದನ್ನು ಗಬಕ್ಕನೆ ಮೇಜಿನ ಮೇಲಿಟ್ಟು ಮೇಲೆ ಅಂಗೈ ಊರಿದಳು. ಅಂಗೈಯ ಕೆಳಗೆ ಕಾಗದ ಸುಮ್ಮನಾಯಿತು, ಆದರೆ ಬಳೆ ಸುಮ್ಮನಾಗಲಿಲ್ಲ.

ಆಗ ನನಗೆ ಕಂಡಿತು. ಅರ್ಧ ಲೋಟದ ಕಾಫಿ ಕಂಡಿತು. ಎರಡು ಗೆರೆಯ ರಂಗೋಲಿ, ಮೊಳದ ಮಲ್ಲಿಗೆ, ನನ್ನ ಮುಂದೆ ಹಿಡಿಯದೆ ಸ್ಟೂಲಿನ ಮೇಲಿಟ್ಟ ಆರತಿ ತಟ್ಟೆ, ಎಲ್ಲ ಕಂಡವು. ಕೀಲಿ ಮತ್ತೆಮತ್ತೆ ಬಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಕಂಪ್ಯೂಟರಿಗೆ ಹೇಳಿಟ್ಟವರು ಯಾರು ಅಂತ ತಿಳಿಯಿತು. ಮೂವತ್ತೊಂದು ವರ್ಷ ಬೇರೆಯವರ ತಡವನ್ನು ನಿಮಿಷ ಬಿಡದೆ ಬರೆದವನು, ಒಂದೇ ಮನೆಯಲ್ಲಿದ್ದುಕೊಂಡು ಇದನ್ನು ಕಾಣುವುದಕ್ಕೆ ಆರು ತಿಂಗಳು ತೆಗೆದುಕೊಂಡಿದ್ದೆ. 

“ಅದು ಕಂಪ್ಯೂಟರಲ್ಲ ಕಣಮ್ಮ,” ಅಂತ ಅವಳು ಶುರುಮಾಡಿದಳು. “ಅದು ನನ್ನ...”

ಆ ವಾಕ್ಯ ಮುಗಿದಿದ್ದರೆ ಮುಂದಿನದು ನನಗೆ ಗೊತ್ತಿತ್ತು. ಮೇಷ್ಟ್ರಮ್ಮ ಅಯ್ಯೋ ಅನ್ನುತ್ತಾಳೆ, ಮರುಗುತ್ತಾಳೆ, ಪ್ರಬಂಧವನ್ನು ಎತ್ತಿಕೊಂಡು ಯಾವುದೋ ಅಂಗಡಿಗೆ ಓಡುತ್ತಾಳೆ. ವಾರದೊಳಗೆ ಹಾಸ್ಟೆಲಿಗೆ ಹೊಸ ಮಾತು ಮುಟ್ಟುತ್ತದೆ. ಆಮೇಲೆ ನಮ್ಮ ಗೇಟಿನಲ್ಲಿ ನಿಂತು ಮೇಡಂ ಇದಾರಾ ಅನ್ನುವವರು ಇರುವುದಿಲ್ಲ.

ನಾನು ನಡುವೆ ಬಾಯಿ ಹಾಕಿದೆ. “ಕಂಪ್ಯೂಟರೇ ಕಣಮ್ಮ. ಚೆನ್ನಾಗಿದ್ದದ್ದನ್ನ ಫಾಸ್ಟ್ ಮಾಡ್ತೀನಿ ಅಂತ ನಾನು ಕೈಯಾಡಿಸಿ ಕೆಡಿಸ್ಬಿಟ್ಟೆ. ಕೀಲಿ ಒಂದ್ಸಲ ಒತ್ತಿದ್ರೆ ಎರಡು ಸಲ ಬೀಳ್ತಿದೆ. ಮೇಡಂದು ಏನೂ ತಪ್ಪಿಲ್ಲ.”

ಅವಳು ನನ್ನ ಕಡೆ ತಿರುಗಿದಳು. ನಾನು ಅವಳನ್ನು ನೋಡದೆ ಮೇಷ್ಟ್ರಮ್ಮನನ್ನೇ ನೋಡುತ್ತಾ ನಿಂತೆ. ಸಾರ್, ಬೀದಿಯಲ್ಲೆಲ್ಲ ನಿಮ್ಮನ್ನು ಕಂಪ್ಯೂಟರ್ ಡಾಕ್ಟರು ಅಂತಾರಲ್ಲ ಅಂತ ಆಕೆ ಅಂದಳು. ಬೇಸರವಿತ್ತು, ನಂಬಿಕೆಯೂ ಇತ್ತು. ಸುಮ್ಮನೆ ಅಂತಾರೆ ಅಂದೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಷ್ಟೂ ಪುಟ ಸರಿಯಾಗಿ ಕೊಡುತ್ತೇವೆ ಅಂತ ಮಾತು ಕೊಟ್ಟೆ. ಆಕೆ ನನ್ನ ಮಾತನ್ನು ಪಕ್ಕಕ್ಕಿಟ್ಟು, ನನ್ನ ಹೆಂಡತಿಯ ಮುಖ ನೋಡಿದಳು. ಅವಳು ಹೂಂ ಅಂದ ಮೇಲೆಯೇ ಹೊರಟಳು.

ಗೇಟಿನ ಸದ್ದು ಅಡಗಿದ ಮೇಲೆ ನಾನು ಕುರ್ಚಿಯಲ್ಲಿ ಕೂತು, ಆ ಪುಟ್ಟ ಮನುಷ್ಯನ ಚಿತ್ರದ ವಿಭಾಗಕ್ಕೆ ಹೋದೆ. ಕೈ ನಡುಗುವವರಿಗೆ, ಕಣ್ಣು ಮಂದವಾದವರಿಗೆ, ಕಿವಿ ಕೇಳದವರಿಗೆ ಅಂತ ಮಾಡಿಟ್ಟಿದ್ದ ವಿಭಾಗ ಅದು. ಎಲ್ಲವನ್ನೂ ಅಲ್ಲೇ ಬರೆದಿಟ್ಟಿದ್ದರು. ನಾನು ಹಾಕಿದ್ದ ಬೀಗ ತೆಗೆದೆ. ಸ್ವಿಚ್ಚನ್ನು ನಾನೇ ಆನ್ ಮಾಡಬಹುದಿತ್ತು, ಮಾಡಲಿಲ್ಲ. ಎದ್ದು ಅವಳಿಗೆ ಕುರ್ಚಿ ಬಿಟ್ಟೆ.

ಅವಳು ಕೂತು ಬಲಗಡೆಯ ಶಿಫ್ಟ್ ಕೀಯ ಮೇಲೆ ಕಿರುಬೆರಳು ಊರಿದಳು. ನಾನು ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿದೆ. ಟಿಣ್ ಅಂತ ಸದ್ದಾಗಿ ಪರದೆಯ ಮೇಲೆ ಒಂದು ಚೌಕ ಬಂತು. ಅವಳು ಹೂಂ ಒತ್ತಿದಳು.

ಇದನ್ನು ಎಲ್ಲಿ ಕಲಿತೆ ಅಂತ ಕೇಳಿದೆ. ಕಲಿತದ್ದಲ್ಲವಂತೆ. ಹೋದ ದಸರಾ ಹೊತ್ತಿಗೆ ಬಲಗೈ ಹೇಳಿದ ಮಾತು ಕೇಳುವುದನ್ನು ಬಿಟ್ಟಿತ್ತಂತೆ. ಒಂದು ದಿನ ನಡುಕ ನಿಲ್ಲಲಿ ಅಂತ ಬೆರಳನ್ನು ಸಿಕ್ಕ ಕೀಲಿಯ ಮೇಲೆ ಬಿಗಿಯಾಗಿ ಒತ್ತಿ ಹಿಡಿದಿದ್ದಾಗ ಈ ಚೌಕ ತಾನಾಗಿ ಬಂತಂತೆ. ‘ಬೇಕಾ ಅಂತ ಕೇಳಿತು, ಬೇಕು ಅಂದೆ’ ಅಂದಳು. ಆಮೇಲೆ ಅಕ್ಷರ ನಿಧಾನವಾಗಿ ಬೀಳುತ್ತಿತ್ತು, ಆದರೆ ಒಂದೊಂದೇ ಬೀಳುತ್ತಿತ್ತು. ನಾನು ಡಬ್ಬಿ ಬಿಚ್ಚಿ, ಪುಸ್ತಕ ಬರೆದು, ಬೀದಿಯೆಲ್ಲ ತಿರುಗಿ ಮಾಡಲಾಗದ ಕೆಲಸವನ್ನು ಅವಳು ಒಂದು ಕಿರುಬೆರಳಿನಲ್ಲಿ ಮಾಡಿಕೊಂಡಿದ್ದಳು.

“ನನಗೆ ಯಾಕೆ ಹೇಳಲಿಲ್ಲ?” ಅಂದೆ.

“ಹೇಳಿದ್ರೆ ನನ್ನನ್ನೂ ಬಿಚ್ಚಿ ಹರಡ್ಕೊಂಡು ಕೂತ್ಕೋತಿದ್ರಿ,” ಅಂದಳು. ಮತ್ತೆ, “ಸ್ಲೋ ಇರೋದು ಕಂಪ್ಯೂಟರು ಅಂತ ನಾನೂ ಒಂದಷ್ಟು ದಿನ ನಂಬಿದ್ದೆ ರೀ” ಅಂದಳು. ಆಮೇಲೆ ಅತ್ತಳು. ಆ ಕೋಣೆಯಲ್ಲಿ ಅವಳು ಅತ್ತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಂಗಳವಾರ, ಬುಧವಾರ ಇಬ್ಬರೂ ಅದೇ ಕೋಣೆಯಲ್ಲಿ ಕಳೆದೆವು. ನಾನು ಕೈಬರಹ ನೋಡಿ ಓದುವುದು, ಅವಳು ಟೈಪು ಮಾಡುವುದು. ಕಣ್ಣನ್ನು ಹಾಳೆಗೂ ಪರದೆಗೂ ಓಡಾಡಿಸುವ ಕೆಲಸ ತಪ್ಪಿದ್ದರಿಂದ ಅವಳು ಬೆರಳಿನ ಮೇಲೇ ಗಮನವಿಟ್ಟಳು. ಗಾಡಿಯ ಮೂಕಿ, ನೇಗಿಲಿನ ಮೇಣಿ, ಕಣದ ಮೇಟಿ ಅಂತ ಓದುತ್ತಾ ಹೋದೆ. ನನಗೆ ಗೊತ್ತಿಲ್ಲದ ಪದ ಬಂದಾಗ ತೋಚಿದ ಹಾಗೆ ಓದಿದರೆ, ಅದು ಹಾಗಿರಲಾರದು, ಇನ್ನೊಂದು ಸಲ ನೋಡಿ ಅನ್ನುತ್ತಿದ್ದಳು. ನೋಡಿದರೆ ಅವಳದೇ ಸರಿ ಇರುತ್ತಿತ್ತು. ಒಂದು ಪುಟಕ್ಕೆ ಹದಿನೈದು ನಿಮಿಷ ಹಿಡಿಯಿತು ಅಂತ ಕಾಣುತ್ತದೆ. ಹಾಜರಿ ಪುಸ್ತಕವನ್ನು ನಾನು ಮಂಗಳವಾರವೇ ರದ್ದಿಗೆ ಹಾಕಿದ್ದೆ. ಕಾಫಿಯನ್ನು ನಾನೇ ಮಾಡಿ ಅವಳಿಗೆ ಅರ್ಧರ್ಧ ಲೋಟ ಎರಡು ಸಲ ಕೊಟ್ಟೆ. ಡಿಕಾಕ್ಷನ್ ನೀರಾಗಿದೆ ಅಂದಳು.

ಗುರುವಾರ ಹತ್ತಕ್ಕೆ ಅರವತ್ತು ಪುಟ ತಯಾರಿತ್ತು. ಮೇಷ್ಟ್ರಮ್ಮ ಈ ಸಲ ಬಾಗಿಲಲ್ಲೇ ನಿಂತು ಪುಟ ತಿರುಗಿಸಿ ನೋಡಿದಳು. ಎರಡನೆಯ ಪುಟದ ಹೊತ್ತಿಗೆ ಪೆನ್ಸಿಲನ್ನು ಬ್ಯಾಗಿಗೆ ಹಾಕಿದಳು. ಸಂಜೆ ಐದಕ್ಕೆ ಮುಂಚೆ ಒಪ್ಪಿಸಿ ಆಯಿತು ಅಂತ ಫೋನು ಬಂತು. ನಮ್ಮ ಮನೆಯಲ್ಲಿ ಅವತ್ತು ಪಾಯಸ.

ಆಮೇಲೆ ಡಾಕ್ಟರ ಹತ್ತಿರ ಹೋದೆವು, ನನ್ನಂಥವರಲ್ಲ, ನಿಜವಾದ ಡಾಕ್ಟರು. ಮಾತ್ರೆ ಕೊಟ್ಟಿದ್ದಾರೆ. ಕೆಲವು ದಿನ ಕೈ ಹೇಳಿದಂತೆ ಕೇಳುತ್ತದೆ, ಕೆಲವು ದಿನ ಇಲ್ಲ. ಪೂರ್ತಿ ವಾಸಿಯಾಗುವ ಜಾತಿಯದಲ್ಲವಂತೆ. ಅವಳು ವರ್ಷಕ್ಕೆ ಎರಡೋ ಮೂರೋ ಪ್ರಬಂಧ ಒಪ್ಪಿಕೊಳ್ಳುತ್ತಾಳೆ, ನಾನು ಓದುತ್ತೇನೆ. ಪುಟದಲ್ಲಿ ತಪ್ಪು ತೋರಿಸುವ ಗೈಡು ಇನ್ನೂ ಹುಟ್ಟಿಲ್ಲ.

ಬೀದಿಯಲ್ಲಿ ನನ್ನ ಮಾನ ಹೋಗಿದೆ. ಹೋಗುವಂತೆ ನಾನೇ ನೋಡಿಕೊಂಡಿದ್ದೇನೆ. ಪ್ರೊಫೆಸರರು ಸಿಕ್ಕಿದಾಗಲೆಲ್ಲ, ಹದಿನಾಲ್ಕು ಸೆಕೆಂಡಿಗೆ ಏಳುತ್ತಿತ್ತಲ್ಲ, ಏನಾಯಿತು ಅಂತ ಕೇಳುತ್ತಾರೆ. ಏನೇನೋ ಮಾಡಿ ನೋಡಿದೆ ಸಾರ್, ನಮ್ಮ ಮನೆಯದು ಸ್ಲೋನೇ ಅನ್ನುತ್ತೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಒಂದು ಸಲ ಅವರು ನನ್ನ ಗಾದೆಯನ್ನೇ ನನಗೆ ವಾಪಸು ಕೊಟ್ಟರು. ನೆಲ ನಿಜವಾಗಿ ಡೊಂಕೇ ಇದೆ ಸಾರ್ ಅಂದೆ.

ಮೊನ್ನೆ ಹೊಸದಾಗಿ ಒಬ್ಬ ಹುಡುಗಿ ಪ್ರಬಂಧ ಹಿಡಿದು ಬಂದಿದ್ದಳು. ಮೂರು ತಿಂಗಳು ಬೇಕು ಅಂತ ನಾನು ಹೇಳಿದ್ದಕ್ಕೆ, ಅಷ್ಟು ಯಾಕೆ ಸಾರ್ ಅಂತ ಕೇಳಿದಳು. ನಮ್ಮ ಕಂಪ್ಯೂಟರು ಸ್ಲೋ ಕಣಮ್ಮ ಅಂದೆ. ಸರಿ ಮಾಡಿಸಬಹುದಲ್ಲ, ಈಗ ಎಷ್ಟೊಂದು ಸೆಟ್ಟಿಂಗು ಬಂದಿದೆ ಅಂತ ಅವಳು ನನಗೆ ತಿಳಿಸಿ ಹೇಳತೊಡಗಿದಳು. ನಾನು ಏನೂ ಗೊತ್ತಿಲ್ಲದವನ ಹಾಗೆ ತಲೆಯಾಡಿಸುತ್ತಾ ನಿಂತೆ.

ಒಳಗಿನಿಂದ ಕೀಲಿಗಳ ಸದ್ದು ನಿಂತಿತು. ಹೆಂಡತಿಯ ದನಿ ಬಂತು: “ಅವರನ್ನ ಏನೂ ಕೇಳ್ಬೇಡ ಕಣಮ್ಮ. ಪಾಪ, ಅವರಿಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ.”

“ಹೌದು ಕಣಮ್ಮ, ಬರಲ್ಲ,” ಅಂದೆ. ಒಳಗೆ ಕೀಲಿಗಳು ಮತ್ತೆ ಒಂದೊಂದಾಗಿ ಬೀಳತೊಡಗಿದವು.